ಮಾವನ ಜಪಾನಿ ರೈಫಲ್ಲು, ಅಳಿಯನ ಯುದ್ಧ

ಲಾಯ್ಡ್ ಪೆಟ್ರಸ್‌ನ ಕಸುಬು ಜನರಿಗೆ ಕಾರು ಓಡಿಸಲು ಕಲಿಸುವುದು. ಪಶ್ಚಿಮ ಪೆನ್ಸಿಲ್ವೇನಿಯಾದ ಆ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೆಯ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಆ ಕಾಲಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಚರ್ಚಿನಲ್ಲಿ ಪಾದ್ರಿಯ ಉಪದೇಶ ಎಲ್ಲೆಲ್ಲಿಗೋ ಹೊರಟರೂ ಅದು ನೆಲವನ್ನು ಒತ್ತುತ್ತಿತ್ತು. ಹೆಂಡತಿ ಡಾಲಿ ಅಂಗಡಿಯಲ್ಲಿ ಎರಡನೆಯ ಜೊತೆ ಚಪ್ಪಲಿ ಕೈಗೆತ್ತಿಕೊಂಡರೂ ಒತ್ತುತ್ತಿತ್ತು, ಆದರೆ ಅಲ್ಲಿ ಏನೂ ನಿಲ್ಲುತ್ತಿರಲಿಲ್ಲ.

ಅವನ ಹುಚ್ಚು ಹಳೆಯ ಜಪಾನಿ ಸೈನ್ಯದ ರೈಫಲ್ಲುಗಳದ್ದು. ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಬೀಗದ ಕಪಾಟಿನಲ್ಲಿ, ಅವು ಸಾಲಾಗಿ ನಿಂತಿದ್ದವು. ಒಂದಕ್ಕಿಂತ ಒಂದು ಉದ್ದ, ಒಂದಕ್ಕಿಂತ ಒಂದು ಭಾರ. “ಬೇರೆಯವರ ಗಂಡಂದಿರು ಕುಡೀತಾರೆ, ಜೂಜಾಡ್ತಾರೆ. ಅಂಥವರಿಗೆ ಆಸ್ಪತ್ರೆ ಇದೆ, ಸಂಘ ಇದೆ. ಇವನಿಗೆ ಎಲ್ಲಿದೆ ಹೇಳು?” ಎಂದು ಡಾಲಿ ನೆರೆಯವರನ್ನು ಕೇಳುತ್ತಿದ್ದಳು.

ಸಂಗ್ರಹಿಸುವವರು ಅನೇಕರಿದ್ದರು. ಲಾಯ್ಡ್ ಅವುಗಳಿಂದ ಗುಂಡು ಹೊಡೆಯುತ್ತಲೂ ಇದ್ದ. ಅವನು ಹೊಡೆಯುವ ಚಂದ ನೋಡಲೆಂದೇ ಗುರಿಕಾರರ ಕ್ಲಬ್ಬಿನಲ್ಲಿ ಜನ ಸೇರುತ್ತಿದ್ದರು. ಹೊಸದಾಗಿ ಕೊಂಡ ಪ್ರತಿ ರೈಫಲ್ಲನ್ನೂ ಅವನು ಮೊದಲು ಬಿಚ್ಚಿ, ಒರೆಸಿ, ನಳಿಗೆಯೊಳಗೆ ದೀಪ ಬಿಟ್ಟು ನೋಡುತ್ತಿದ್ದ. ಗುಂಡು ಕೂರುವ ಜಾಗವನ್ನು ಅಳತೆಯ ಗೇಜ್ ಹಾಕಿ ಪರೀಕ್ಷಿಸುತ್ತಿದ್ದ. ಅಷ್ಟಾದ ಮೇಲೆ ಅದನ್ನು ಟ್ರ್ಯಾಕ್ಟರಿನ ಹಳೆಯ ಟೈರಿಗೆ ಬಿಗಿದು ಕಟ್ಟಿ, ಟ್ರಿಗರಿಗೆ ಬಟ್ಟೆ ಒಣಗಿಸುವ ಹಗ್ಗ ಸಿಕ್ಕಿಸಿ, ರೈಫಲ್ ಸಿಡಿದರೂ ಮೈಗೆ ತಾಗದಂತೆ ದೂರದ ಮಣ್ಣಿನ ದಿಬ್ಬದ ಹಿಂದೆ ಹೊಟ್ಟೆಯ ಮೇಲೆ ಮಲಗಿ ಎಳೆಯುತ್ತಿದ್ದ. ಗುಂಡು ಹಾರಿದ ಮೇಲೆ ಖಾಲಿ ತೋಟಾವನ್ನು ಕನ್ನಡಕ ಏರಿಸಿ ನೋಡಿ, ಅದು ಉಬ್ಬಿಲ್ಲ, ಸೀಳಿಲ್ಲ ಎಂದು ಖಾತ್ರಿಯಾದರೆ ಮಾತ್ರ ಭುಜಕ್ಕೇರಿಸುವುದು. ಕ್ಲಬ್ಬಿನಲ್ಲಿ ಅವನ ಹೆಸರೇ ‘ಟೈರ್ ಲಾಯ್ಡ್’ ಎಂದಾಗಿತ್ತು.

ಇಷ್ಟು ಕಾಳಜಿಯ ನಂತರ ಅವನು ಹೊಡೆದದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಬೇರೆ ವಿಷಯ. ಕ್ಲಬ್ಬಿನಲ್ಲಿ ಗುಂಡು ಹಾರಿಸುವ ಸಾಲಿನ ಉಸ್ತುವಾರಿ ವಾಂಡಾ ಎಂಬ ಗಟ್ಟಿಗಿತ್ತಿಯದು, ವಾರದ ದಿನಗಳಲ್ಲಿ ಶಾಲೆಯ ಅಡುಗೆಮನೆ ನಡೆಸುವವಳು. ಲಾಯ್ಡ್‌ನ ಗುರಿಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ ಅವಳು ಒಮ್ಮೆ, “ಇದನ್ನ ಇನ್ನೊಂದ್ ಸಲ ಮಾರಬಹುದು ಬಿಡು, ಹೊಸದರ ಹಾಗೇ ಇದೆ,” ಎಂದಿದ್ದಳು. ಈ ಮಾತನ್ನು ಲಾಯ್ಡ್ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ನಗುವ ಮೊದಲು ತಾನು ನಕ್ಕುಬಿಟ್ಟರೆ ಅಷ್ಟು ನೋಯುವುದಿಲ್ಲ ಎಂದು ಅವನು ಶಾಲೆಯಲ್ಲಿದ್ದಾಗಲೇ ಕಂಡುಕೊಂಡಿದ್ದ.

ಈ ಹುಚ್ಚು ಹತ್ತಿದ್ದು ಮಾವನ ಮನೆಯಲ್ಲಿ. ಡಾಲಿಯ ಅಪ್ಪ ಎಮೆರಿ ಹುದಾಕ್ ಕುಲುಮೆಯ ಮುಂದೆ ದುಡಿದು ದುಡಿದು ಹುಬ್ಬು ಸುಟ್ಟುಕೊಂಡವರು. ಮನೆಯವರೆಲ್ಲ ಅವರನ್ನು ‘ಪಾಪ್’, ಅಂದರೆ ಅಪ್ಪ, ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಲಾಯ್ಡ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಆ ಮನೆಗೆ ಹೋದಾಗ, ಮಾವನೆದುರು ಅವನ ಬಾಯಿ ಒಣಗಿ ಹೋಗಿತ್ತು. ಟರ್ಕಿ ಕೋಳಿಯ ತಟ್ಟೆ ದಾಟಿಸುವಾಗ ‘ಥ್ಯಾಂಕ್ಸ್’ ಎಂದದ್ದು ಬಿಟ್ಟರೆ ಮಾತೇ ಇಲ್ಲ. ಕೊನೆಗೆ ಅಗ್ಗಿಷ್ಟಿಕೆಯ ಮೇಲೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿ ತೂಗಿದ್ದ ಉದ್ದನೆಯ ರೈಫಲ್ ಕಣ್ಣಿಗೆ ಬಿತ್ತು.

“ಅದು ಜಪಾನಿಂದಾ?” ಎಂದು ಕೇಳಿದ.

“ಹೂಂ. ಅಲ್ಲಿಂದ ತಂದೆ,” ಎಂದರು ಪಾಪ್.

ಅಷ್ಟೇ. ಮರುದಿನವೇ ಲಾಯ್ಡ್ ಊರಿನ ಗ್ರಂಥಾಲಯಕ್ಕೆ ಓಡಿದ. ಮುಂದಿನ ಹಬ್ಬದ ಊಟಕ್ಕೆ ಬರುವಷ್ಟರಲ್ಲಿ ಆ ರೈಫಲ್ಲಿನ ಮಾದರಿ, ತಯಾರಾದ ಕಾರ್ಖಾನೆ, ಹುಟ್ಟಿದ ವರ್ಷ ಎಲ್ಲವನ್ನೂ ಕೆಳಗೆ ನಿಂತೇ, ಕತ್ತು ಎತ್ತಿಯೇ ನಿರ್ಧರಿಸಿದ್ದ. ಕೆಳಗಿಳಿಸಿ ತೋರಿಸಲು ಪಾಪ್ ಎಂದೂ ಒಪ್ಪಲಿಲ್ಲ. “ಗೋಡೆ ಹಾಳಾಗತ್ತೆ,” ಎನ್ನುತ್ತಿದ್ದರು. ಲಾಯ್ಡ್‌ಗೆ ಇಳಿಸುವ ಅಗತ್ಯವೂ ಕಾಣಲಿಲ್ಲ. ಅವನು ಊಟದ ಮೇಜಿನಲ್ಲಿ ವಿವರಿಸಿದ: “ಯುದ್ಧ ಮುಗಿದ ಮೇಲೆ ಒಪ್ಪಿಸಿದ ರೈಫಲ್ಲುಗಳ ನೆತ್ತಿ ಮೇಲಿನ ಸೇವಂತಿಗೆ ಹೂವನ್ನ ಉಜ್ಜಿ ಅಳಿಸಿರ್ತಾರೆ. ಅದು ಚಕ್ರವರ್ತಿಯ ಮುದ್ರೆ ನೋಡಿ. ಪಾಪ್ ತಂದಿದ್ದರಲ್ಲಿ ಹೂವು ಪೂರ್ತಿ ಇರತ್ತೆ. ಯಾಕೆ ಅಂದ್ರೆ ಅದು ಒಪ್ಪಿಸಿದ್ದಲ್ಲ, ಕಸಿದಿದ್ದು!”

ನೆತ್ತಿ ಕೆಳಗಿನಿಂದ ಕಾಣುತ್ತಿರಲಿಲ್ಲ. ಆದರೂ ಹೂವು ಇದೆ ಎಂದ. ಪಾಪ್ ಆಲೂಗಡ್ಡೆಯ ಮುದ್ದೆಯ ಮೇಲೆ ಗ್ರೇವಿ ಸುರಿದುಕೊಳ್ಳುತ್ತ ಅಳಿಯನ ಮುಖವನ್ನೇ ನೋಡಿದರು, ಇಲ್ಲ ಎನ್ನಲಿಲ್ಲ.

ವರ್ಷ ವರ್ಷಕ್ಕೆ ಲಾಯ್ಡ್ ಹೇಳುವ ಕಥೆ ಮೈ ತುಂಬಿಕೊಂಡಿತು. ಮೊದಲು ಘೋರ ಕಾಳಗ ನಡೆದ ಓಕಿನಾವಾ ದ್ವೀಪ ಬಂತು. ಆಮೇಲೆ ಗುಹೆ ಬಂತು. ಗುಹೆಯೊಳಗಿಂದ ಒಬ್ಬ ಜಪಾನಿ ಅಧಿಕಾರಿ ಬಂದ, ಅವನಿಗೆ ಚೂಪು ಮೀಸೆಯೂ ಬಂತು. ಡಾಲಿಯ ತಮ್ಮ ಗ್ಯಾರಿಗೆ ಆಗ ಹದಿಹರೆಯ. ಅವನು ಬಾಯಿ ಬಿಟ್ಟು ಕೇಳಿದ, ಬೆಳೆದ, ಮನೆಯಂಗಳಕ್ಕೆ ಈಜುಕೊಳ ಮಾರುವ ವ್ಯಾಪಾರ ಹಿಡಿದ. ಗಿರಾಕಿಗಳನ್ನು ಕೂರಿಸಿಕೊಂಡು ಮೊದಲು ಅಪ್ಪನ ಗುಹೆಯ ಕಥೆ ಹೇಳಿ, ನಂತರ ಈಜುಕೊಳ ತೋರಿಸುವುದು ಅವನ ಪದ್ಧತಿಯಾಯಿತು.

ಪಾಪ್‌ಗೆ ಎಪ್ಪತ್ತು ತುಂಬಿದ ಬೇಸಿಗೆಯಲ್ಲಿ ಗ್ಯಾರಿಗೆ ಒಂದು ಭಾರಿ ಯೋಚನೆ ಹೊಳೆಯಿತು. ಹುಟ್ಟುಹಬ್ಬ ಕ್ಲಬ್ಬಿನ ತೋಪಿನಲ್ಲಿ. ಪಾಪ್ ಕ್ಷೌರಕ್ಕೆ ಹೋದ ಹೊತ್ತಿನಲ್ಲಿ ಏಣಿ ಹಾಕಿ ರೈಫಲ್ ಇಳಿಸುವುದು. ಅದಕ್ಕೆ ಸರಿಯಾದ ತೋಟಾ ಡಬ್ಬಿ ಕೊಂಡುತರುವುದು. ಊಟದ ನಂತರ ಎಲ್ಲರೆದುರು ಪಾಪ್ ತಮ್ಮದೇ ರೈಫಲ್ಲಿನಿಂದ ಗುಂಡು ಹಾರಿಸುವುದು.

ಲಾಯ್ಡ್ ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ. ಪ್ರಿಯತಮೆಯ ಫೋಟೊವನ್ನಷ್ಟೇ ನೋಡಿದವನು ಮೊದಲ ಭೇಟಿಗೆ ಹೊರಟ ಹಾಗಾಗಿತ್ತು ಅವನ ಸ್ಥಿತಿ. ಟೈರು, ಹಗ್ಗ, ಗೇಜ್, ಜೊತೆಗೆ ತನ್ನದೊಂದು ನಂಬಿಗಸ್ತ ಜಪಾನಿ ರೈಫಲ್ಲನ್ನೂ ವ್ಯಾನಿಗೆ ತುಂಬಿದ.

ತೋಪಿನ ಚಪ್ಪರದಡಿ ಹ್ಯಾಮ್, ಬೇಯಿಸಿದ ಬೀನ್ಸ್, ಬೆಣ್ಣೆಯಲ್ಲಿ ಹೊರಳಿಸಿದ ಪಿರೋಗಿ ಕಡುಬುಗಳ ಘಮ ಹರಡಿತ್ತು. ಆ ಕಡೆ ಬೆಂಚುಗಳ ಸಾಲಿನಿಂದ ಆಗಾಗ ಗುಂಡಿನ ಸದ್ದು. ಗ್ಯಾರಿ ಕಂಬಳಿಯಲ್ಲಿ ಸುತ್ತಿದ ರೈಫಲ್ಲನ್ನು ಚಪ್ಪರದ ತುದಿಯ ಮೇಜಿನ ಮೇಲಿಟ್ಟು, “ಬೇಗ ನೋಡಿ ಕೊಡು ಮಾರಾಯ, ಮದುವೆ ಹೆಣ್ಣು ನೋಡೋ ಹಾಗೆ ಕೂತ್ಕೋಬೇಡ,” ಎಂದು ಹೇಳಿ ಬಿಯರ್ ತರಲು ಹೋದ.

ಲಾಯ್ಡ್ ಕಂಬಳಿ ಸರಿಸಿದ. ಮೊದಲು ನೆತ್ತಿ ನೋಡಿದ. ಹೂವು ಇರಲಿಲ್ಲ. ಉಜ್ಜಿ ಅಳಿಸಿದ ಗುರುತೂ ಇರಲಿಲ್ಲ. ಅಲ್ಲಿ ಎಂದೂ ಹೂವೇ ಅರಳಿರಲಿಲ್ಲ. ತೋಟಾವನ್ನು ಒಳಗೆ ತಳ್ಳಿ ಬಿಗಿಯುವ ಬೋಲ್ಟನ್ನು ಹೊರತೆಗೆದು ನಳಿಗೆಯೊಳಗೆ ದೀಪ ಬಿಟ್ಟ. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಹುಡುಕಿದರೂ ಇಲ್ಲ. ಒಳಗೆಲ್ಲ ನುಣ್ಣಗೆ, ನಲ್ಲಿಯ ಪೈಪಿನ ಹಾಗೆ. ಬೋಲ್ಟ್ ಕೂರುವ ಭಾಗ, ಗುಂಡು ಸಿಡಿದಾಗ ಎಲ್ಲ ಹೊಡೆತ ತಡೆದುಕೊಳ್ಳಬೇಕಾದ ಭಾಗ, ಗಟ್ಟಿ ಉಕ್ಕಲ್ಲ. ಬಾಣಲೆ ಎರಕ ಹೊಯ್ಯುವ ಹಾಗೆ ಹೊಯ್ದ ಬೀಡುಕಬ್ಬಿಣ.

ಲಾಯ್ಡ್ ದೀಪ ಆರಿಸಿದ. ಇದು ಯುದ್ಧದ ರೈಫಲ್ಲೇ ಅಲ್ಲ. ಜಪಾನಿನ ಶಾಲೆಗಳಲ್ಲಿ ಹುಡುಗರು ಕವಾಯತಿಗೆ ಹಿಡಿಯುತ್ತಿದ್ದ ತಾಲೀಮು ಬಂದೂಕು. ಬರೀ ಸದ್ದು ಮಾಡುವ ತೋಟಾಕ್ಕೆಂದು ಮಾಡಿದ್ದು. ಇದರಲ್ಲಿ ನಿಜವಾದ ಗುಂಡು ಹಾಕಿದರೆ ಬೀಡುಕಬ್ಬಿಣ ಚೂರಾಗಿ, ಹಿಡಿದವನ ಮುಖಕ್ಕೇ ಹಾರುತ್ತದೆ. ‘ಇಂಥದ್ದನ್ನು ಟೈರಿಗೂ ಕಟ್ಟಬೇಡಿ’ ಎಂದು ಕ್ಲಬ್ಬಿನ ಹುಡುಗರಿಗೆ ಎಷ್ಟೋ ಸಲ ಪಾಠ ಹೇಳಿದವನು ಅವನೇ. ಮಾವನ ಮನೆಯಲ್ಲಿ ಅಂಥದ್ದರ ಕೆಳಗೆ ಕೂತು ಇಪ್ಪತ್ತು ವರ್ಷ ಟರ್ಕಿ ತಿಂದವನೂ ಅವನೇ.

ಸತ್ಯ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಹೇಗೆ ಹೇಳುವುದು? ಎಪ್ಪತ್ತು ತುಂಬಿದ ಮುದುಕರಿಗೆ, ಹುಟ್ಟುಹಬ್ಬದ ದಿನ, ಎಲ್ಲರೆದುರು, ‘ನೀವು ಕಸಿದು ತಂದದ್ದು ಮಕ್ಕಳ ಬಂದೂಕು’ ಎಂದು? ಪಾಪ್‌ರ ಮರ್ಯಾದೆಯ ಚಿಂತೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದರ ಹಿಂದೆಯೇ ನಿಂತಿದ್ದ ತನ್ನ ಮರ್ಯಾದೆಯ ಚಿಂತೆ ಗಾತ್ರದಲ್ಲಿ ಇನ್ನೂ ದೊಡ್ಡದಿತ್ತು.

ಗ್ಯಾರಿ ವಾಪಸಾದ. “ಆಯ್ತಾ?”

“ಸ್ಪ್ರಿಂಗ್ ಸ್ವಲ್ಪ... ಸಡಿಲ ಅನ್ಸತ್ತೆ. ಇವತ್ತು ಬೇಡ.”

“ಸ್ಪ್ರಿಂಗಾ? ಟೈರಿಗೆ ಕಟ್ಟಿ ಒಂದ್ ಹೊಡಿ. ಟೈರ್ ತಂದಿದ್ದೀಯಲ್ಲ? ನೀನು ಊರುಗೋಲು ಸಿಕ್ಕಿದ್ರೂ ಮೊದಲು ಟೈರಿಗೆ ಕಟ್ಟೋನು!”

ಗ್ಯಾರಿ ಪಾಪ್‌ರನ್ನು ಕರೆಯಲು ತಿರುಗಿದ ಕೂಡಲೇ ಲಾಯ್ಡ್ ಬೋಲ್ಟನ್ನು ಚಡ್ಡಿಯ ಜೇಬಿಗೆ ಇಳಿಸಿದ. ಬೋಲ್ಟ್ ಇಲ್ಲದೆ ಯಾವ ರೈಫಲ್ಲೂ ಗುಂಡು ಹಾರಿಸಲಾರದು. ಆದರೆ ಕಬ್ಬಿಣದ ಆ ತುಂಡಿನ ಭಾರಕ್ಕೆ ಚಡ್ಡಿ ಒಂದೇ ಕಡೆ ಜಾರತೊಡಗಿತು. ಒಂದು ಕೈಯಲ್ಲಿ ಚಡ್ಡಿ ಹಿಡಿದು ನಗುಮುಖದಿಂದ ನಾಲ್ಕಾರು ಜನರನ್ನು ದಾಟಿದ. ಯಾರೋ ಹಿರಿಯರು ಕೈಕುಲುಕಲು ಬಂದಾಗ ಎಡಗೈ ಕೊಡಬೇಕಾಯಿತು. ಕೊನೆಗೆ ಸೋಡಾ ಬಾಟಲಿಗಳನ್ನಿಟ್ಟಿದ್ದ ಐಸ್ ಪೆಟ್ಟಿಗೆಯ ತಳಕ್ಕೆ ಬೋಲ್ಟನ್ನು ತುರುಕಿ, ಮೇಲೆ ಐಸ್ ಎಳೆದು, ಹಣೆ ಒರೆಸಿಕೊಂಡ. ಇಡೀ ಕ್ಲಬ್ಬಿನಲ್ಲಿ ಬಿಸಿಲಿಗೆ ಬಳಲಿ ಜನ ಮೊದಲು ಕೈ ಹಾಕುವ ಜಾಗ ಅದೇ ಎಂದು ಅವನ ಬುದ್ಧಿಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ವಾಂಡಾಳ ದನಿ ಕೇಳಿತು. “ಈ ಸೋಡಾ ಯಾರಿಗೆ ಬೇಕಾಗಿತ್ತು?” ಅವಳ ಕೈಯಲ್ಲಿ ಬೋಲ್ಟ್ ನೀರು ಸೋರಿಸುತ್ತಿತ್ತು.

“ಅಯ್ಯೋ, ಅದನ್ನೇ ಹುಡುಕ್ತಾ ಇದ್ದೆ!” ಎಂದು ಗ್ಯಾರಿ ಹಾರಿ ಬಂದು ಕಸಿದುಕೊಂಡ. ಅದು ಐಸಿಗೆ ಹೇಗೆ ಬಂತು ಎಂದು ಕೇಳುವ ತಾಳ್ಮೆಯೂ ಅವನಿಗಿರಲಿಲ್ಲ. ಬೋಲ್ಟ್ ಒರೆಸಿದ, ರೈಫಲ್ಲಿಗೆ ಸೇರಿಸಿದ, ತೋಟಾ ಡಬ್ಬಿ ಕಂಕುಳಲ್ಲಿಟ್ಟು ಖಾಲಿ ಬೆಂಚಿನತ್ತ ಹೊರಟ. “ಪಾಪ್, ಬಾ! ಮೊದಲನೇದು ನಾನು ಹಾರಿಸಿ ನೋಡ್ತೀನಿ, ಆಮೇಲೆ ನೀನು!”

ಲಾಯ್ಡ್‌ನ ಬಲಗಾಲು ನೆಲ ಒತ್ತಿತು. ಏನೂ ನಿಲ್ಲಲಿಲ್ಲ. ಆಗ ಅವನು ಓಡಿದ. ಅವನು ಓಡಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹೊಟ್ಟೆ ಮುಂದೆ, ಅವನು ಹಿಂದೆ. “ಗುಂಡು ನಿಲ್ಸಿ! ಎಲ್ಲರೂ ನಿಲ್ಸಿ!” ಎಂದು ಅರಚಿದ ರಭಸಕ್ಕೆ ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಬಂದೂಕು ಕೆಳಗಿಟ್ಟು, ಬೋಲ್ಟ್ ತೆರೆದು, ಹಿಂದೆ ಸರಿದು ನಿಂತರು. ವಾಂಡಾ ಕೆಂಪು ಬಾವುಟ ಏರಿಸಿದಳು. ಗ್ಯಾರಿ ತೋಟಾವನ್ನು ಇನ್ನೂ ಬೆರಳುಗಳಲ್ಲಿ ಹಿಡಿದಿದ್ದ. ಲಾಯ್ಡ್ ಬೆಂಚಿಗೆ ಬಂದವನೇ ಮಾತಿಗೆ ಉಸಿರು ಸಾಲದೆ, ರೈಫಲ್ಲಿನ ಮೇಲೆ ಹೊಟ್ಟೆ ಹಾಕಿ ಮಲಗಿಬಿಟ್ಟ.

“ಲಾಯ್ಡ್,” ಎಂದಳು ಡಾಲಿ, ಅಲ್ಲಿಗೆ ಬಂದು, ಬಹಳ ಶಾಂತವಾಗಿ. “ಎದೆ ನೋವಾ, ಇಲ್ಲ ತಲೆ ಕೆಟ್ಟಿದ್ದಾ?”

“ತಲೆ,” ಎಂದ ಲಾಯ್ಡ್. “ಪಾಪ್, ಒಂದ್ ನಿಮಿಷ ಈ ಕಡೆ ಬರ್ತೀರಾ?”

ಇಬ್ಬರೂ ಸಾಮಾನು ಕೊಠಡಿಯ ಹಿಂದಿನ ನೆರಳಿಗೆ ಹೋದರು. ಖಾಲಿ ರೈಫಲ್ ಲಾಯ್ಡ್‌ನ ಕೈಯಲ್ಲೇ ಇತ್ತು. ಅವನು ಬೂಟಿನ ತುದಿ ನೋಡುತ್ತ ತಡವರಿಸಿದ. “ಪಾಪ್, ಇದು... ನೀವು ಬೇಜಾರ್ ಮಾಡ್ಕೋಬಾರ್ದು. ಇದು ಸೈನ್ಯದ್ದಲ್ಲ. ಶಾಲೆ ಮಕ್ಕಳ ಕವಾಯತಿಂದು. ಗುಂಡು ಹಾಕಿದ್ರೆ ಸಿಡಿಯತ್ತೆ.”

ಪಾಪ್ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ಲಾಯ್ಡ್ ಗಾಬರಿಯಾದ. ಪಾಪ್ ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಮತ್ತೆ ನಗು ಬಂತು. ಗೋಡೆಗೆ ಕೈಕೊಟ್ಟು ನಿಂತು ಅವರು ಹೇಳಿದರು: “ಗೊತ್ತು ಕಣೋ. ಜಪಾನಿನ ಸಾಸೆಬೋ ಬಂದರಲ್ಲಿ ಒಂದು ಶಾಲೆ ಅಂಗಳದಲ್ಲಿ ಇವನ್ನ ಸೌದೆ ಥರ ರಾಶಿ ಹಾಕಿದ್ರು. ತಲೆಗೊಂದು ತಗೊಳ್ಳಿ ಅಂದ್ರು. ತಗೊಂಡೆ.”

“ಮತ್ತೆ ಓಕಿನಾವಾ?”

“ಓಕಿನಾವಾ ನಾನು ಹಡಗಿಂದಾನೂ ನೋಡಿಲ್ಲ. ನಾನು ಹಡಗು ಇಳಿಯೋ ಹೊತ್ತಿಗೆ ಯುದ್ಧ ಮುಗ್ದಿತ್ತು. ಮೆರೀನ್ ಪಡೆ ಅಡುಗೆಮನೇಲಿ ಆಲೂಗಡ್ಡೆ ಸುಲೀತಿದ್ದೆ.”

ಲಾಯ್ಡ್ ಅಲ್ಲಿ ಇಳಿಸಿಟ್ಟಿದ್ದ ತನ್ನ ಟೈರಿನ ಮೇಲೆ ಕೂತ. “ಇಷ್ಟು ವರ್ಷ ಒಂದ್ ಮಾತು ಹೇಳ್ಲಿಲ್ವಲ್ಲ ಪಾಪ್!”

“ನಾನೇನ್ ಹೇಳಿದ್ದೆ? ‘ಅಲ್ಲಿಂದ ತಂದೆ’ ಅಂದೆ. ಮಿಕ್ಕಿದ್ ಯುದ್ಧ ಎಲ್ಲ ನೀನೇ ಮಾಡಿದ್ದು.” ಪಾಪ್ ಕಣ್ಣೊರೆಸಿಕೊಂಡರು. “ಮೊದಲ್ನೇ ಸಲ ಬಂದಾಗ ನೀನು ಬಾಯೇ ಬಿಡ್ಲಿಲ್ಲ. ನನ್ನ ಮಗಳು ಒಬ್ಬ ಮೂಕನ್ನ ಕಟ್ಕೊಂಡಳಲ್ಲಪ್ಪಾ ಅಂತ ನನಗೆ ಚಿಂತೆ ಆಗಿತ್ತು. ಮುಂದಿನ್ ಸಲ ಬಂದು ಈ ರೈಫಲ್ ಮೇಲೆ ಶುರು ಹಚ್ಕೊಂಡೆ. ಸದ್ಯ, ಮಾತಾಡ್ತಾನೆ ಅಂತ ಸುಮ್ಮನೆ ಕೇಳ್ದೆ. ಆಮೇಲೆ, ಯುದ್ಧದಲ್ಲಿ ನಾನು ಏನೇನ್ ಮಾಡ್ದೆ ಅಂತ ತಿಳ್ಕೊಳ್ಳೋ ಕುತೂಹಲ ನನಗೂ ಹತ್ತಿಬಿಡ್ತು.”

“ಅದಕ್ಕೇ ಕೆಳಗಿಳಿಸಕ್ಕೆ ಬಿಡ್ಲಿಲ್ವಾ?”

“ನೀನು ಹತ್ರದಿಂದ ನೋಡಿದ್ರೆ ಹಬ್ಬದ ಊಟ ಸಪ್ಪೆ ಆಗೋಗ್ತಿತ್ತಲ್ಲ.”

ನಗು ನಿಂತ ಮೇಲೆ ಪಾಪ್ ರೈಫಲ್ಲನ್ನು ಕೈಗೆ ತೆಗೆದುಕೊಂಡು ಅದರ ಮರದ ಹಿಡಿಯನ್ನು ಹೆಬ್ಬೆರಳಿನಿಂದ ಸವರಿದರು. “ಆ ಶಾಲೆ ಹೆಡ್ ಮಾಸ್ಟರು ಅಲ್ಲೇ ನಿಂತಿದ್ರು. ನಮ್ಮಪ್ಪನ ವಯಸ್ಸು. ನಾನು ಇದನ್ನ ಎತ್ಕೊಂಡಾಗ ನನಗೆ ಬಗ್ಗಿ ನಮಸ್ಕಾರ ಮಾಡಿದ್ರು. ನಾನಿನ್ನೂ ಚಿಗುರು ಮೀಸೆ ಹುಡುಗ, ಕೈ ತುಂಬ ಆಲೂಗಡ್ಡೆ ವಾಸ್ನೆ. ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ, ಸಲ್ಯೂಟ್ ಹೊಡ್ದೆ. ಊರಿಗೆ ಬಂದ್ರೆ ನಮ್ಮ ಬೀದೀಲಿ ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬ ಬರಲೇ ಇಲ್ಲ. ಅವರ ಮನೆಯವರೆದುರು ನಾನೇನಂತ ಹೇಳ್ಲಿ? ಎತ್ತರಕ್ಕೆ ತೂಗಿಹಾಕಿ ಬಾಯಿ ಮುಚ್ಕೊಂಡೆ.”

ಲಾಯ್ಡ್ ಟೈರಿನ ಮೇಲೆ ಸರಿದು ಪಾಪ್‌ಗೂ ಜಾಗ ಮಾಡಿಕೊಟ್ಟ. ಪಾಪ್ ಅವನ ಬೆನ್ನಿಗೆ ತಟ್ಟಿದರು. “ಏಳು, ಎಲ್ಲರಿಗೂ ಹೇಳು ಹೋಗು. ಕಟ್ಟಿದ್ದು ನೀನು, ಕೆಡವೋದೂ ನೀನೇ. ನಾನು ಕೇಕ್ ತಿಂತಾ ನೋಡ್ತೀನಿ.”

ಚಪ್ಪರದಡಿ ಎಲ್ಲರೂ ಕಾಯುತ್ತಿದ್ದರು. ಪಾಪ್ ನಿಜವಾಗಿಯೂ ಕೇಕ್ ತಟ್ಟೆ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತರು. ಲಾಯ್ಡ್ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಮೊದಲು ರೈಫಲ್ಲಿನ ಸಂಗತಿ ಹೇಳಿದ, ನಂತರ ತನ್ನ ಸಂಗತಿ. ನಳಿಗೆಯನ್ನು ಬೆಳಕಿಗೆ ಹಿಡಿದು ಎಲ್ಲರಿಂದಲೂ ಇಣುಕಿಸಿದ. ಗ್ಯಾರಿಯ ಮುಖ ಕೆಂಪಗಾಗುತ್ತ ಹೋಯಿತು.

“ಹಾಗಾದ್ರೆ ಓಕಿನಾವಾ?”

“ಅದು ನಂದು.”

“ಗುಹೆ?”

“ಅದೂ ನಂದೇ.”

“ಆ ಆಫೀಸರು?”

“ಅವನಿಗೆ ಮೀಸೆ ಇಟ್ಟಿದ್ದೂ ನಾನೇ, ಗ್ಯಾರಿ.”

“ಇಡೀ ಜಿಲ್ಲೆಗೆ ಹೇಳಿದ್ದೀನಲ್ಲೋ!” ಎಂದು ಗ್ಯಾರಿ ತಲೆ ಹಿಡಿದುಕೊಂಡ. “ಆ ಗುಹೆ ಹೇಳಿ ಹೇಳಿ ಈಜುಕೊಳ ಮಾರಿದ್ದೀನಿ!”

“ಕೊಳದಲ್ಲಿ ನೀರು ನಿಂತಿದೆ ತಾನೆ?” ಎಂದರು ಪಾಪ್, ಕೇಕ್ ಅಗಿಯುತ್ತ. “ಮತ್ತೇನು? ನೀನು ತೋಟಾ ತುಂಬಕ್ಕೆ ಹೊರಟಿದ್ದೆ, ಇವನು ಅಡ್ಡ ಬಿದ್ದ. ನಿನ್ನ ಮುಖ ಇನ್ನೂ ಜಾಗದಲ್ಲಿದೆ. ಮೂಗು ಮುಟ್ಟಿ ನೋಡ್ಕೋ.”

ಗ್ಯಾರಿ ಕೈ ಎತ್ತಿ ಮೂಗು ಮುಟ್ಟಿಕೊಂಡ. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಬೆರಳು ಮೂಗಿನ ಮೇಲಿದ್ದಾಗಲೇ ಅವನಿಗೆ ಆದದ್ದೇನು ಎಂದು ಅರ್ಥವಾದ ಹಾಗೆ ಕಂಡಿತು. ಲಾಯ್ಡ್‌ನ ಹತ್ತಿರ ಬಂದು ಒಂದು ಬಿಯರ್ ಅವನ ಕೈಗಿಟ್ಟ. “ಗುಂಡು ಹಾರಿಸಿ ಮುಗಿದ ಮೇಲೆ,” ಎಂದು ಲಾಯ್ಡ್ ಅದನ್ನು ಐಸಿಗೆ ಇಳಿಸಿದ. “ಇವನೊಬ್ಬ!” ಎಂದು ಗ್ಯಾರಿ ಆಗ ನಕ್ಕ.

ಹುಟ್ಟುಹಬ್ಬದ ಗುಂಡು ಹಾರಲೇಬೇಕಿತ್ತು. ಲಾಯ್ಡ್ ತನ್ನದೇ ರೈಫಲ್ ತಂದ, ನೆತ್ತಿಯ ಮೇಲೆ ಸೇವಂತಿಗೆ ಇದ್ದದ್ದು. ಎಷ್ಟೋ ಸಲ ಹೊಡೆದು ಪಳಗಿದ ಆ ರೈಫಲ್ಲನ್ನೂ ಅವನು ಮತ್ತೆ ಟೈರಿಗೆ ಕಟ್ಟಿದ. ಯಾರೂ ಗೇಲಿ ಮಾಡಲಿಲ್ಲ. ಬದಲಿಗೆ ಎಲ್ಲರೂ ಅವನ ಜೊತೆ ದಿಬ್ಬದ ಹಿಂದೆ ಬಗ್ಗಿ ಕೂತರು. ಹಗ್ಗ ಎಳೆದಾಯಿತು, ಖಾಲಿ ತೋಟಾ ನೋಡಿಯಾಯಿತು. ಪಾಪ್ ಕಣ್ಣಿಗೆ ಕನ್ನಡಕ, ಕಿವಿಗೆ ಸದ್ದು ತಡೆಯುವ ಮುಚ್ಚಿಗೆ ಹಾಕಿಕೊಂಡು ಬೆಂಚಿಗೆ ಕೂತರು. ಜಪಾನಿ ರೈಫಲ್ಲಿನಿಂದ ಅವರು ಗುಂಡು ಹಾರಿಸುತ್ತಿದ್ದುದು ಜೀವಮಾನದಲ್ಲಿ ಅದೇ ಮೊದಲು. ಗುಂಡು ಹಾಳೆಯ ಕಪ್ಪು ಚುಕ್ಕೆಯ ಅಂಚಿಗೆ ತಾಗಿತು. ನಂತರ ಲಾಯ್ಡ್ ಹೊಡೆದ. ಅವನ ಗುಂಡು ಪಕ್ಕದವನ ಹಾಳೆಗೆ ಬಿತ್ತು.

“ಪರವಾಗಿಲ್ಲ,” ಎಂದಳು ವಾಂಡಾ. “ಇವತ್ತು ಕಾಗದಕ್ಕಾದ್ರೂ ಬಿತ್ತು.”

ತಾಲೀಮು ಬಂದೂಕಿನಲ್ಲಿ ತೋಟಾ ಸಿಡಿಸುವ ಸೂಜಿ ಬಿಚ್ಚಿ, ಯಾರೂ ಗುಂಡು ತುಂಬದಂತೆ ನಳಿಗೆಗೆ ತಂತಿ ತೂರಿಸಿ, ಲಾಯ್ಡ್ ಅದನ್ನು ಅಗ್ಗಿಷ್ಟಿಕೆಯ ಮೇಲೆ ಮತ್ತೆ ತೂಗಿಹಾಕಿದ, ಈ ಸಲ ಎಲ್ಲರ ಕಣ್ಣಿಗೆ ನಿಲುಕುವಷ್ಟು ಕೆಳಗೆ. ಕ್ಲಬ್ಬಿನವರ ಒತ್ತಾಯಕ್ಕೆ ವಸಂತದಲ್ಲಿ ಒಂದು ತರಗತಿ ಶುರು ಮಾಡಿದ: ಅಜ್ಜಂದಿರು ತಂದ ರೈಫಲ್ಲುಗಳಲ್ಲಿ ಹಾರಿಸಬಾರದ್ದು ಯಾವುದು ಎಂಬ ಬಗ್ಗೆ. ಅದನ್ನು ಅವನು ಆರಂಭಿಸುತ್ತಿದ್ದುದು ‘ಕತ್ತೆತ್ತಿ ನೋಡಿ ಹೂವು ಕಂಡವನ’ ಕಥೆಯಿಂದಲೇ. ಪಾಪ್ ಮುಂದಿನ ಸಾಲಿನಲ್ಲಿ ಕೂತು, “ಮೀಸೆ ಬಿಟ್ಟೆ ನೋಡು,” ಎಂದು ತಿದ್ದುತ್ತಿದ್ದರು. ಎರಡನೆಯ ವರ್ಷ ಪಕ್ಕದ ಊರಿನ ಹೆಂಗಸೊಬ್ಬಳು ಜಿಂಕೆ ಬೇಟೆಗೆ ಒಯ್ಯಲಿದ್ದ ಅಜ್ಜನ ರೈಫಲ್ ತಂದಳು. ಅದರ ನಳಿಗೆಯೂ ನುಣ್ಣಗಿತ್ತು. ಅವಳು ಕಾರಿನಲ್ಲಿ ಕೂತು ಬಹಳ ಹೊತ್ತು ಹೊರಡದೆ ಇದ್ದುದನ್ನು ಲಾಯ್ಡ್ ಕಿಟಕಿಯಿಂದ ನೋಡಿದ. ಆ ದಿನ ಅವನು ತನ್ನನ್ನು ತಾನು ಗೇಲಿ ಮಾಡಿಕೊಳ್ಳಲಿಲ್ಲ.

ಆದರೆ ಅದಕ್ಕೂ ಮುಂಚೆ, ಹುಟ್ಟುಹಬ್ಬದ ವರ್ಷದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಎಲ್ಲರೂ ಸೇರಿದಾಗ, ಪಾಪ್ ಮೊದಲ ಬಾರಿಗೆ ತಮ್ಮ ಬಾಯಿಂದಲೇ ಜಪಾನಿನ ಮಾತು ತೆಗೆದರು. ಮಂಜು ಮುಸುಕಿದ ಬಂದರು, ಹೊಗೆ ತುಂಬಿದ ಅಡುಗೆಮನೆ, ಅಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದ ಒಬ್ಬ ಅಜ್ಜಿ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯನ್ನೂ ಕಿತ್ತೆಸೆಯುತ್ತಿದ್ದ ಹುಡುಗನ ಕೈಗೆ ಆಕೆ ಫಟ್ಟನೆ ಹೊಡೆದು, ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗೆ ಎತ್ತುವುದನ್ನು ಕಲಿಸಿದ್ದು. ಲಾಯ್ಡ್‌ಗೆ ಆ ಅಜ್ಜಿಯ ಊರು ಯಾವುದಿದ್ದೀತು ಎಂದು ಊಹಿಸುವ ಆಸೆ ನಾಲಗೆಯ ತುದಿಗೆ ಬಂತು. ಡಾಲಿ ಮೇಜಿನಡಿ ಅವನ ಕಾಲು ತುಳಿದಳು. ಅವನು ಬಾಯಿಗೆ ಟರ್ಕಿ ತುಂಬಿಕೊಂಡ.

ಎಲ್ಲ ಕೇಳಿದ ಮೇಲೆ ಡಾಲಿ ಚಮಚ ಕೆಳಗಿಟ್ಟಳು. “ಅಪ್ಪಾ, ನೀನು ಅಷ್ಟು ಚೆನ್ನಾಗಿ ಸುಲೀತಿದ್ರೆ, ಅಮ್ಮ ಇದ್ದಷ್ಟು ದಿನ ಮನೇಲಿ ಒಂದು ಆಲೂಗಡ್ಡೆನೂ ಯಾಕೆ ಮುಟ್ಲಿಲ್ಲ?”

ಪಾಪ್ ಅಳಿಯನ ಕಡೆ ನೋಡಿದರು, ಏನಾದರೂ ಹೇಳಿ ಪಾರು ಮಾಡಲಿ ಎಂದು. ಲಾಯ್ಡ್ ತಟ್ಟೆಯನ್ನೇ ನೋಡುತ್ತ ಕೂತ. ಡಾಲಿ ಒಳಗೆ ಹೋಗಿ, ಮರುದಿನದ ಸೂಪಿಗೆಂದು ತಂದಿದ್ದ ಆಲೂಗಡ್ಡೆ ಚೀಲವನ್ನೂ ಎರಡು ಚಾಕುಗಳನ್ನೂ ತಂದು ಅವರಿಬ್ಬರ ನಡುವೆ ಇಟ್ಟಳು.